ಸೋಮವಾರವೇ ಹೊರಟವಳು

ನಮ್ಮ ಮನೆಯ ಹೆಣ್ಣುಮಕ್ಕಳು ಮಂಗಳವಾರ ದೂರದ ಊರಿಗೆ ಹೊರಡುವಂತಿರಲಿಲ್ಲ. ಶುಕ್ರವಾರವೂ ಇಲ್ಲ. ನೆಂಟರಾದರೆ ಯಾವ ದಿನ ಬೇಕಾದರೂ ಹೊರಡಬಹುದು, ಅವರ ಶುಭ ಅಶುಭವನ್ನು ಅವರ ಮನೆಯವರು ನೋಡಿಕೊಳ್ಳುತ್ತಾರೆ ಎಂಬುದು ಅಜ್ಜಿಯ ಕಾನೂನು. ಹೀಗಿರುವಾಗ ಡೆನ್ಮಾರ್ಕಿನ ಹುಡುಗಿ ಊರಿಗೆ ಮರಳುವ ಬಸ್ಸು ಮಂಗಳವಾರ ಸಂಜೆ ನಾಲ್ಕೂವರೆಗೆ ಎಂದು ತಿಳಿದ ಭಾನುವಾರ, ಅಜ್ಜಿ ಎಲೆಯಡಿಕೆಯ ತಟ್ಟೆಯನ್ನು ಬದಿಗೆ ಸರಿಸಿ, "ಮಂಗಳವಾರ ಆಗಲಿಕ್ಕಿಲ್ಲ" ಎಂದುಬಿಟ್ಟರು. ನನಗೆ ಒಳಗೊಳಗೇ ಹೊಟ್ಟೆ ಉರಿಯಿತು. ಹತ್ತು ತಿಂಗಳ ಹಿಂದೆ ಸೂಟ್‌ಕೇಸು ಹಿಡಿದುಕೊಂಡು ಬಂದವಳು ಅದು ಯಾವಾಗ ನೆಂಟರ ಸಾಲಿನಿಂದ ಎದ್ದು ಮನೆಮಗಳ ಸಾಲಿಗೆ ಬಂದು ಕೂತಿದ್ದಳು? ನನಗೆ ಯಾರೂ ಹೇಳಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ರಸ್ತೆಯಲ್ಲಿ, ಕಡಿಯಾಳಿ ದೇವಸ್ಥಾನ ದಾಟಿದ ಮೇಲೆ ಇಳಿಯುವ ಓಣಿಯೊಂದರಲ್ಲಿ ನಮ್ಮ ಮನೆ. ಮನೆಯಲ್ಲಿದ್ದದ್ದು ಅಮ್ಮನ ಅಮ್ಮನಾದ ಅಜ್ಜಿ, ಅಮ್ಮ, ನಾನು. ಅಪ್ಪ ಬೊಂಬಾಯಿಯಲ್ಲಿ ಕೆಲಸದಲ್ಲಿದ್ದು ವರ್ಷಕ್ಕೊಮ್ಮೆ ಮಾವಿನ ಕಾಲಕ್ಕೆ ಬರುತ್ತಿದ್ದರು. ನಾನು ಉಡುಪಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿಯುಸಿ ಮೊದಲ ವರ್ಷ ಓದುತ್ತಿದ್ದೆ. ಕಾಲೇಜು ಎಂಬ ಬೋರ್ಡು ಇತ್ತೀಚೆಗಷ್ಟೇ ಬಿದ್ದಿತ್ತು. ನಮಗೆ ಅದು ಶಾಲೆಯೇ, ಅದರ ಪ್ರಾಂಶುಪಾಲರು ದೊಡ್ಡ ಟೀಚರೇ. ವಿದ್ಯಾರ್ಥಿಗಳನ್ನು ದೇಶದಿಂದ ದೇಶಕ್ಕೆ ಅದಲುಬದಲು ಮಾಡುವ ಸಂಸ್ಥೆಯೊಂದರ ಮೂಲಕ ಪರದೇಶದ ಹುಡುಗಿಯೊಬ್ಬಳು ಬರುತ್ತಾಳೆ, ಯಾರ ಮನೆಯಲ್ಲಿ ಬಾಗಿಲಿರುವ ಕೋಣೆ ಖಾಲಿ ಉಂಟು ಎಂದು ದೊಡ್ಡ ಟೀಚರ್ ಕೇಳಿದಾಗ ನಾನು ಹಿಂದುಮುಂದು ನೋಡದೆ ಕೈ ಎತ್ತಿದ್ದೆ. ನಮ್ಮಲ್ಲಿ ಬಾಗಿಲಿರುವ ಕೋಣೆ ಒಂದೇ, ಅಕ್ಕಿ ಮತ್ತು ತೆಂಗಿನಕಾಯಿ ಇಡುವ ಉಗ್ರಾಣ. ಅಮ್ಮ ತುಟಿಪಿಟಿಕ್ಕೆನ್ನದೆ ತೆಂಗಿನಕಾಯಿಗಳನ್ನು ಜಗಲಿಗೆ ಸಾಗಿಸಿ ಅಲ್ಲಿ ಮಂಚ ಹಾಕಿಸಿದರು. ಅಕ್ಕಿಗೆ ಬೇರೆ ಜಾಗವಿರಲಿಲ್ಲ. ಹತ್ತು ತಿಂಗಳು ಅವಳು ಕುಚ್ಚಲಕ್ಕಿಯ ಮೂಟೆಗಳ ಪಕ್ಕದಲ್ಲಿ ಮಲಗಿದಳು.

ಮನೆಯೊಳಗೆ ನಮ್ಮದು ತುಳು. ಕನ್ನಡ ಏನಿದ್ದರೂ ಶಾಲೆಗೆ, ಪೇಪರಿಗೆ, ಬಂದುಹೋಗುವವರಿಗೆ. ಅವಳು ಬರುವಾಗಲೇ ಪುಸ್ತಕದ ಕನ್ನಡ ಒಂದಿಷ್ಟು ಕಲಿತು ಬಂದಿದ್ದರಿಂದ ಅಜ್ಜಿ ಅವಳೊಡನೆ ಕನ್ನಡವನ್ನೇ ಆಡುತ್ತಿದ್ದರು, ಸಭೆಯಲ್ಲಿ ನಿಂತವರ ಹಾಗೆ ಒಂದೊಂದು ಮಾತನ್ನೂ ಪೂರ್ತಿ ಮಾಡಿ. ನನ್ನ ಅಜ್ಜಿ ಇಷ್ಟು ಗತ್ತಿನ ಹೆಂಗಸು ಎಂದು ನನಗೆ ಆಗಲೇ ತಿಳಿದದ್ದು.

ಆ ಹುಡುಗಿಯ ಮುಖ್ಯ ಕೆಲಸ ಪ್ರಶ್ನೆ ಕೇಳುವುದು. ಬಸ್ಸಿನಲ್ಲಿ ಗಂಟೆ ಇರುವಾಗ ಕಂಡಕ್ಟರು ಬಾಗಿಲಿಗೆ ಯಾಕೆ ಬಡಿಯುತ್ತಾನೆ? ಮೀನಿನ ಹೆಂಗಸು ಬುಟ್ಟಿ ಇಳಿಸುವ ಮೊದಲೇ ಇವತ್ತು ಬಂಗುಡೆ ಎಂದು ಅಮ್ಮನಿಗೆ ಹೇಗೆ ಗೊತ್ತಾಗುತ್ತದೆ? ಕಾಪುವಿನ ಲೈಟ್‌ಹೌಸ್ ನೋಡಲು ತರಗತಿಯವರೆಲ್ಲ ಹೋದ ದಿನ, ಕಡಲ ಬದಿಯಲ್ಲೇ ಹುಟ್ಟಿದ ಮೂವತ್ತು ಹುಡುಗಿಯರಲ್ಲಿ ಒಬ್ಬಳಿಗೂ ಈಜು ಬರುವುದಿಲ್ಲ ಯಾಕೆ ಎಂದು ಕೇಳಿ ನಮ್ಮೆಲ್ಲರನ್ನು ತಬ್ಬಿಬ್ಬು ಮಾಡಿದಳು. ಕಾರ್ಕಳಕ್ಕೆ ಕರೆದುಕೊಂಡು ಹೋದರೆ ಗೊಮ್ಮಟನ ಬೆನ್ನು ಹೇಗಿದೆ ಎಂದು ಕೇಳಿದಳು. ನಾನು ಅಲ್ಲಿಗೆ ನಾಲ್ಕು ಸಲ ಹೋದವಳು. ನಾಲ್ಕು ಸಲವೂ ಎದುರಿನಿಂದ ಕೈಮುಗಿದು ಕೆಳಗಿಳಿದು ಚರುಮುರಿ ತಿಂದವಳು. ಅವಳ ಹಿಂದೆ ಸುತ್ತು ಹಾಕಿ ಹೋಗಿ ನೋಡಿದರೆ ಗೊಮ್ಮಟನಿಗೆ ಹಿಂದಿನಿಂದ ಕಲ್ಲಿನದೊಂದು ಆಸರೆ ಇತ್ತು. ಅವಳು ಅದನ್ನು ನೀಲಿ ರಟ್ಟಿನ ಪುಸ್ತಕದಲ್ಲಿ ಚಿತ್ರ ಬಿಡಿಸಿಕೊಂಡಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಇಷ್ಟು ಹತ್ತಿರದಲ್ಲಿದ್ದೂ ನೋಡದೇ ಹೋದೆನಲ್ಲ ಎಂಬ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಂಡು, ಬಸ್ಸಿನಲ್ಲಿ ಉಡುಪಿಯವರೆಗೂ ಮಾತಾಡಲಿಲ್ಲ.

ಆದರೆ ಅದಲುಬದಲು ಎಂದ ಮೇಲೆ ಒಬ್ಬಳು ಬಂದರೆ ಸಾಲದು, ಇಲ್ಲಿಂದಲೂ ಒಬ್ಬಳು ಹೋಗಬೇಕು. ಜನವರಿಯಲ್ಲಿ ಅವಳ ತಾಯಿ ದೊಡ್ಡ ಟೀಚರಿಗೆ ಪತ್ರ ಬರೆದು, ನಿಮ್ಮಲ್ಲಿಂದ ಬರುವ ಹುಡುಗಿ ನಮ್ಮ ಮಗಳನ್ನು ಇಟ್ಟುಕೊಂಡ ಮನೆಯವಳೇ ಆಗಲಿ, ಆಗಸ್ಟಿನಿಂದ ಒಂದು ವರ್ಷ ನಮ್ಮ ಮನೆಯಲ್ಲೇ ಇರಲಿ ಎಂದಿದ್ದರು. ಫಾರ್ಮು ಬಂತು. ಅಪ್ಪ ಬೊಂಬಾಯಿಯಿಂದ ಸಹಿ ಹಾಕಿ ಕಳುಹಿಸಿದರು, ಮನೆಯ ಹಿರಿಯರ ಒಪ್ಪಿಗೆ ಎಂಬ ಕಡೆ ಮಾತ್ರ ಖಾಲಿ ಬಿಟ್ಟು, ಅದು ಅತ್ತೆಯವರದ್ದು ಎಂದು ಪೆನ್ಸಿಲಿನಲ್ಲಿ ಬರೆದಿದ್ದರು. ಅಮ್ಮ ನನ್ನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಫಾರ್ಮಿಗೆ ಬೇಕಾದ ಎದೆಯ ಎಕ್ಸ್‌ರೇ ತೆಗೆಸಿದರು. ಅಜ್ಜಿಗೆ ಕಣ್ಣಿನ ಪರೀಕ್ಷೆ ಎಂದು ಹೇಳಿದರು. ಅಮ್ಮ ನನಗಾಗಿ ಹೇಳಿದ ಒಂದೇ ಸುಳ್ಳು ಅದು ಇರಬೇಕು. ಫಾರ್ಮನ್ನು ಅಜ್ಜಿಯ ಮುಂದಿಟ್ಟಾಗ ಅವರು ಕನ್ನಡಕ ಹಾಕಿ ಎರಡೂ ಬದಿ ತಿರುಗಿಸಿ ನೋಡಿ, ಮಡಚಿ, ಪಂಚಾಂಗದ ಒಳಗೆ ಇಟ್ಟರು. ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಎರಡು ತಿಂಗಳು ಕಳೆದವು.

ಅಂಚೆಗೆ ಹಾಕಿದರೆ ಸಮಯಕ್ಕೆ ಮುಟ್ಟುವುದಿಲ್ಲ, ಆದ್ದರಿಂದ ಫಾರ್ಮು ಆ ಹುಡುಗಿಯ ಕೈಯಲ್ಲೇ ಹೋಗಬೇಕು ಎಂದು ದೊಡ್ಡ ಟೀಚರ್ ಹೇಳಿದ್ದರು. ಅಂದರೆ ಮಂಗಳವಾರ ನಾಲ್ಕೂವರೆಯ ಬಸ್ಸು ಅವಳಿಗೆ ಊರಿಗೆ ಹೋಗುವ ಬಸ್ಸು, ನನಗೆ ಕೊನೆಯ ಗಡುವು. ಅಜ್ಜಿಯ ಹತ್ತಿರ ಬಾಯಿಬಿಟ್ಟು ಕೇಳುವ ಧೈರ್ಯ ನನಗಿರಲಿಲ್ಲ. ಕೇಳಿದರೆ ಬೇಡ ಎಂದಾರು. ಅಜ್ಜಿ ಒಮ್ಮೆ ಬೇಡ ಎಂದರೆ ಅದು ಬೇಡವೇ.

ಈಗ ಭಾನುವಾರಕ್ಕೆ ಮರಳುತ್ತೇನೆ. ಬಸ್ಸು ಬದಲಿಸುವಂತಿಲ್ಲ, ಮಂಗಳೂರಿನಿಂದ ಸಂಸ್ಥೆಯವರು ಬೊಂಬಾಯಿಗೆ ಕರೆದೊಯ್ಯುತ್ತಾರೆ, ಅಲ್ಲಿಂದ ವಿಮಾನ ಎಂದು ಅಮ್ಮ ತಿಳಿಸಿ ಹೇಳಿದರು. ಅಜ್ಜಿ ಪಂಚಾಂಗ ತರಿಸಿದರು. ಪುಟ ತಿರುವುವಾಗ ನನ್ನ ಫಾರ್ಮಿನ ಅಂಚು ಕಂಡಿತು. ಅಜ್ಜಿ ಅದರ ಕಡೆ ನೋಡಲೂ ಇಲ್ಲ. ಕೊನೆಗೆ, "ಸೋಮವಾರ ರಾಹುಕಾಲ ಕಳೆದ ಮೇಲೆ ಒಂಬತ್ತೂಕಾಲಕ್ಕೆ ಪ್ರಸ್ಥಾನ ಇಡುವ" ಎಂದರು.

ಪ್ರಸ್ಥಾನ ಎಂದರೆ ಏನು ಎಂಬ ಪ್ರಶ್ನೆ ಬರಲೇಬೇಕಿತ್ತು, ಬಂತು. ಹೊರಡಬೇಕಾದ ದಿನ ಒಳ್ಳೆಯದಲ್ಲದಿದ್ದರೆ, ಅದಕ್ಕಿಂತ ಮೊದಲೇ ಒಳ್ಳೆಯ ಹೊತ್ತು ನೋಡಿ, ಹೊರಡುವವರ ಒಂದು ಬಟ್ಟೆಯನ್ನು, ಅದರ ಸೆರಗಿನಲ್ಲಿ ಒಂದು ಹಿಡಿ ಅಕ್ಕಿ, ಒಂದು ಅಡಿಕೆ, ಒಂದು ಅರಸಿನದ ತುಂಡು ಕಟ್ಟಿ ನೆರೆಮನೆಯಲ್ಲಿ ಇಟ್ಟುಬರುವುದು. ಅಷ್ಟಾದರೆ ಪ್ರಯಾಣ ಶುರುವಾದ ಹಾಗೆ. ಆಮೇಲೆ ಮಂಗಳವಾರವಾಗಲಿ ಅಮಾವಾಸ್ಯೆಯಾಗಲಿ, ನೆರೆಮನೆಗೆ ಹೋಗಿ ಅದನ್ನು ಎತ್ತಿಕೊಂಡು ಮುಂದೆ ನಡೆದರಾಯಿತು. ಇಷ್ಟನ್ನು ಅಜ್ಜಿ ಹೇಳಿ ಮುಗಿಸುವಾಗ ಅವಳ ನೀಲಿ ಪುಸ್ತಕ ತೆರೆದಾಗಿತ್ತು.

ಇಟ್ಟದ್ದನ್ನು ವಾಪಸು ತರಬಹುದಾ ಎಂದು ಅವಳು ಕೇಳಿದಳು. ಬಿಲ್ಕುಲ್ ಬಾರದು, ಹೊರಟ ಬಟ್ಟೆ ಹೊಸ್ತಿಲ ಒಳಗೆ ಮತ್ತೆ ಬಂದರೆ ಹೊರಟವರಿಗೆ ಒಳ್ಳೆಯದಲ್ಲ ಎಂದರು ಅಜ್ಜಿ. ಎಷ್ಟು ದಿನ ಇಡಬಹುದು? ಒಂದೇ ಕಡೆ ಮೂರು ರಾತ್ರಿಗಿಂತ ಹೆಚ್ಚು ಬೇಡ. ಹೆಚ್ಚು ದಿನ ತಡವಾಗುವುದಾದರೆ ಇನ್ನೊಂದು ಕಡೆಗೆ ಸಾಗಿಸಬೇಕು. ಅದೇ ಮನೆಯ ಇನ್ನೊಂದು ಕೋಣೆ ಆದರೆ? ಕೋಣೆ ಲೆಕ್ಕಕ್ಕಿಲ್ಲ, ಮಾಡು ಬೇರೆ ಇರಬೇಕು. ಮಾಡು ಎಂದರೆ ಏನು ಎಂದಾಗ ಅಜ್ಜಿ ಬೆರಳೆತ್ತಿ ಮೇಲಿನ ಹಂಚಿನ ಮಾಡನ್ನು ತೋರಿಸಿದರು. ಹೊರಡುವವರೇ ಇಡಬೇಕಾ? ಹಾಗೇನಿಲ್ಲ, ಮಕ್ಕಳದ್ದು, ಹುಷಾರಿಲ್ಲದವರದ್ದು ಮನೆಯವರು ಯಾರಾದರೂ ಇಡಬಹುದು. ಇಂಥ ವಿಚಾರಣೆಯನ್ನು ಇಷ್ಟು ಶಾಂತವಾಗಿ ಎದುರಿಸುವ ಅಜ್ಜಿಯನ್ನು ನೋಡಿ ನನಗೆ ಮತ್ತೆ ಹೊಟ್ಟೆಯುರಿ. ನಾನು ಚಿಕ್ಕವಳಿರುವಾಗ ಎರಡನೆಯ ಪ್ರಶ್ನೆಗೇ ತಲೆಗೆ ಮೊಟಕುತ್ತಿದ್ದರು.

ಸೋಮವಾರ ಒಂಬತ್ತೂಕಾಲಕ್ಕೆ ಅಜ್ಜಿ ಹೊಸ್ತಿಲಲ್ಲಿ ನಿಂತರು. ಹುಡುಗಿ ಅಜ್ಜಿ ಗಂಟು ಕಟ್ಟಿಕೊಟ್ಟ ಲಂಗವನ್ನು ತನ್ನ ಕಂದು ಬಟ್ಟೆಯ ಚೀಲದಲ್ಲಿಟ್ಟು ಹೆಗಲಿಗೆ ಹಾಕಿಕೊಂಡು ಓಣಿ ದಾಟಿ ಎದುರಿನ ಬಾಯಮ್ಮನ ಮನೆಗೆ ಹೋದಳು. ಬಾಯಮ್ಮ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ವಿಧವೆ, ಅಜ್ಜಿಯ ಓರಗೆಯವರು, ಎರಡು ಮನೆಗಳ ನಡುವೆ ಒಗ್ಗರಣೆ ಸೊಪ್ಪಿನಿಂದ ಹಿಡಿದು ಏಣಿಯವರೆಗೆ ಎಲ್ಲವೂ ಓಡಾಡುತ್ತಿತ್ತು. ಚೀಲವನ್ನು ಅವರು ಏಸುವಿನ ಪಟದ ಕೆಳಗಿನ ಮೇಜಿನ ಮೇಲೆ ಇಡಿಸಿದರು. ಕ್ರಿಶ್ಚಿಯನರ ಮನೆಯಲ್ಲಿ ಇಟ್ಟರೆ ನಡೆಯುತ್ತದಾ ಎಂಬ ಅವಳ ಪ್ರಶ್ನೆಗೆ, ಅವರ ಮನೆಯ ಮಾಡು ಬೇರೆ ತಾನೇ ಎಂದು ಅಜ್ಜಿ ಉತ್ತರ ಕೊಟ್ಟಾಗಿತ್ತು.

ಮಂಗಳವಾರ ಬೆಳಿಗ್ಗೆ ನನ್ನ ದಾವಣಿ ಕಾಣಲಿಲ್ಲ. ಶಾಲೆಯ ಸಮವಸ್ತ್ರದ ಹಸಿರು ದಾವಣಿ ನನ್ನಲ್ಲಿ ಎರಡಿತ್ತು. ಒಂದು ಹಳೆಯದು, ಒಗೆದು ಒಗೆದು ಬಿಳಚಿಕೊಂಡದ್ದು, ಸೊಂಟದ ಹತ್ತಿರ ಶಾಯಿಯ ಕಲೆ. ಇನ್ನೊಂದು ಹೊಸದು. ಮಂಗಳವಾರ ಅವಳ ಬೀಳ್ಕೊಡುಗೆ, ತರಗತಿಯ ಗ್ರೂಪ್ ಫೋಟೋ ಬೇರೆ. ಅದಕ್ಕೆಂದೇ ಹೊಸದಕ್ಕೆ ಗಂಜಿ ಹಾಕಿ, ಇಸ್ತ್ರಿ ಮಾಡಿ ಭಾನುವಾರವೇ ಮಡಚಿಟ್ಟಿದ್ದೆ. ಪೆಟ್ಟಿಗೆ ಬೋರಲು ಹಾಕಿದೆ, ಮಂಚದ ಅಡಿ ನುಗ್ಗಿದೆ, ಅಮ್ಮನ ಮೇಲೆ ರೇಗಿದೆ. ಹುಡುಗಿ ಬಾಗಿಲ ಬಳಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಯಾವತ್ತೂ ಇಲ್ಲದ ಹಾಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಅಜ್ಜಿ ಆ ಬೆಳಿಗ್ಗೆ ಅವಳಿಗೆ ಒಳಗೆ ನಮ್ಮ ಜೊತೆ ಗಂಜಿ ಬಡಿಸಲಿಲ್ಲ. ಚಾವಡಿಯಲ್ಲಿ ಮಣೆ ಹಾಕಿ, ಬಾಳೆಲೆಯಲ್ಲಿ ನೀರುದೋಸೆ, ಬೆಲ್ಲ ಹಾಕಿದ ತೆಂಗಿನಕಾಯಿ ಬಡಿಸಿದರು. ನೆಂಟರಿಗೆ ಮಾಡುವ ಹಾಗೆ. ಅವಳು ಕಣ್ಣು ಅಗಲಿಸಿ ಕೇಳಿದಳು, "ಅಜ್ಜಿ, ಇವತ್ತು ನಾನು ಯಾಕೆ ಹೊರಗೆ?"

"ನೀನು ನಿನ್ನೆಯೇ ಹೊರಟಾಗಿದೆಯಲ್ಲ ಮಗಳೇ. ಹೊರಟವರು ದಾರಿಯಲ್ಲಿ ಉಣ್ಣುವುದು ನೆಂಟರ ಮನೆಯಲ್ಲಿ" ಎಂದರು ಅಜ್ಜಿ. ಹಾಗೆ ಹೇಳಿ ಒಳಗೆ ಹೋದರು. ಅಮ್ಮ ಮೂರನೆಯ ಸಲ ದೋಸೆ ಹಾಕಲು ಹೋದಾಗ ಅಜ್ಜಿ ಒಲೆಯ ಮುಂದೆ ಸುಮ್ಮನೆ ಕೂತಿದ್ದರಂತೆ.

ಶಾಲೆಗೆ ನಡೆದೇ ಹೋದೆವು. ಹಾಜರಿ ಕರೆಯುವಾಗ ತಡವಾಗಿ ಸೇರಿದ ಅವಳ ಹೆಸರು ಯಾವಾಗಲೂ ಕೊನೆಗೆ. ಟೀಚರ್ ಕರೆದರು, ಅವಳು ಎದ್ದು ಹಾಜರು ಎಂದಳು, ಕೂತ ಮೇಲೆ ನನ್ನ ಕಿವಿಯ ಹತ್ತಿರ ಬಂದು, ಅಜ್ಜಿಯ ಪ್ರಕಾರ ನಾನು ನಿನ್ನೆಯೇ ಹೊರಟಿದ್ದೇನೆ, ಹಾಗಾದರೆ ಈಗ ಹೇಳಿದ್ದು ಸುಳ್ಳಾ ಎಂದು ಕೇಳಿದಳು. ನನಗೆ ನಗು ಬಂತು, ಸಿಟ್ಟೂ ಬಂತು.

ಹನ್ನೊಂದಕ್ಕೆ ಬೀಳ್ಕೊಡುಗೆ. ಇಡೀ ವರ್ಷ ಇವಳು ನಿಮ್ಮನ್ನು ಕೇಳಿದಳು, ಇವತ್ತು ನೀವು ಇವಳನ್ನು ಕೇಳಿ ಎಂದರು ದೊಡ್ಡ ಟೀಚರ್. ಮೂವತ್ತು ಬಾಯಿಗಳಿಗೂ ಬೀಗ ಬಿತ್ತು. ಕೇಳುವ ಅಭ್ಯಾಸವೇ ನಮಗಿರಲಿಲ್ಲ. ಕೊನೆಗೆ ಒಬ್ಬಳು ನಿಮ್ಮಲ್ಲಿ ಅಕ್ಕಿ ಸಿಗುತ್ತದಾ ಎಂದಳು, ಇನ್ನೊಬ್ಬಳು ಅಲ್ಲಿಯ ಕಾಗೆಯೂ ಕಪ್ಪಾ ಎಂದಳು. ಅದಾದ ಮೇಲೆ ಪ್ರಶ್ನೆಗಳು ಜೇನುಗೂಡು ಕಲಕಿದ ಹಾಗೆ ಎದ್ದವು. ಅಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವ ತಿಂಗಳಲ್ಲಿ ಶಾಲೆಯಿಂದ ಮನೆಗೆ ಹೇಗೆ ಬರುತ್ತೀ, ಹೆಪ್ಪುಗಟ್ಟಿದ ನೀರಿನ ಅಡಿಯಲ್ಲಿ ಮೀನು ಏನು ಮಾಡುತ್ತದೆ, ನಿನ್ನ ಅಪ್ಪ ನಿಜಕ್ಕೂ ಪಾತ್ರೆ ತೊಳೆಯುತ್ತಾರಾ. ನಾನೊಬ್ಬಳೇ ಏನೂ ಕೇಳಲಿಲ್ಲ. ಅವಳ ಊರಿನ ಕಾಗೆಗಳನ್ನು, ಬೇಗ ಬರುವ ಆ ಕತ್ತಲನ್ನು ನಾನೇ ಕಣ್ಣಾರೆ ನೋಡಬೇಕೆಂದಿದ್ದೆ. ಬಾಯಿಮಾತಿನಲ್ಲಿ ಕೇಳಿಬಿಟ್ಟರೆ ಅಷ್ಟಕ್ಕೇ ಮುಗಿದುಹೋಗುತ್ತದೆ ಎಂಬ ಹೆದರಿಕೆ.

ಫೋಟೋದವರು ಬಂದು ಬೆಂಚು ಜೋಡಿಸಿದರು. ದೊಡ್ಡ ಟೀಚರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೊಸ ದಾವಣಿ ಎಲ್ಲಿ, ಫಾರ್ಮು ಎಲ್ಲಿ ಎಂದು ಒಂದೇ ಉಸಿರಿಗೆ ಕೇಳಿದರು. ದಾವಣಿ ಕಾಣುತ್ತಿಲ್ಲ, ಫಾರ್ಮು ಇನ್ನೂ ಪಂಚಾಂಗದೊಳಗೇ ಉಂಟು ಎಂದೆ. ನಾಲ್ಕೂವರೆಯವರೆಗೆ ನಾನು ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ, ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಅವರು ಮೆಲ್ಲಗೆ ಹೇಳಿದರು. ಆ ಫೋಟೋ ಈಗಲೂ ನನ್ನಲ್ಲಿದೆ. ಕಪ್ಪುಬಿಳುಪಿನಲ್ಲೂ ನನ್ನ ದಾವಣಿಯೊಂದೇ ಬಿಳಚಿ ಕಾಣುತ್ತದೆ, ಮುಖವಂತೂ ಹುಳಿ ಮಾವಿನಕಾಯಿ ಕಚ್ಚಿದ ಹಾಗಿದೆ. ಪಕ್ಕದಲ್ಲಿ ಅವಳು ಯಾವುದೋ ಗುಟ್ಟನ್ನು ಬಾಯಲ್ಲಿಟ್ಟುಕೊಂಡವಳಂತೆ ತುಟಿ ಬಿಗಿದು ನಿಂತಿದ್ದಾಳೆ.

ಮೂರೂವರೆಗೆ ನಾವೆಲ್ಲ ಬಾಯಮ್ಮನ ಮನೆಯಲ್ಲಿದ್ದೆವು. ದೊಡ್ಡ ಸೂಟ್‌ಕೇಸು ರಿಕ್ಷಾ ಏರಿಯಾಗಿತ್ತು. ಇನ್ನು ಚೀಲವನ್ನು ಎತ್ತಿಕೊಂಡು ಹೊರಡುವುದಷ್ಟೇ. ಅಜ್ಜಿ ಹಲಸಿನ ಹಪ್ಪಳದ ಕಟ್ಟೊಂದನ್ನು ಅದರಲ್ಲಿ ಇಡಲು ಚೀಲದ ಬಾಯಿ ಬಿಚ್ಚಿದರು. ಮೇಲೆ ಅವಳ ಲಂಗ, ಅದರ ಅಂಚಿನಲ್ಲಿ ಅಜ್ಜಿ ಕಟ್ಟಿದ ಗಂಟು. ಅಜ್ಜಿ ಅದನ್ನು ಎತ್ತಿದರು. ಅಡಿಯಲ್ಲಿ ಗಂಜಿ ಹಾಕಿ ಇಸ್ತ್ರಿ ಮಾಡಿದ ನನ್ನ ಹಸಿರು ದಾವಣಿ ಇತ್ತು.

ನನ್ನ ದಾವಣಿ, ಫೋಟೋ ಹಾಳಾಯಿತು, ಕಳ್ಳಿ ಎಂದು ನಾನು ಕೂಗಿದೆ. ಬುದ್ಧಿಗಿಂತ ಮುಂಚೆ ನನಗೆ ಬಾಯಿ ಓಡುತ್ತದೆ. ಯಾರೂ ನನ್ನ ಕಡೆ ತಿರುಗಲಿಲ್ಲ. ಅಜ್ಜಿ ದಾವಣಿಯ ಸೆರಗನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದರು. ಅಲ್ಲೂ ಒಂದು ಗಂಟು. ಅಜ್ಜಿ ಕಟ್ಟುವ ಹಾಗೆಯೇ ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿದ ಗಂಟು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದನ್ನು ನೋಡಿದ ಮೇಲೆ, ನನ್ನ ಪ್ರಸ್ಥಾನವನ್ನೂ ಇಟ್ಟಾಗಿದೆ ಎಂದು ನನಗೆ ಅರ್ಥವಾಯಿತು.

"ಇದನ್ನು ಯಾರು ಇಟ್ಟದ್ದು?" ಅಜ್ಜಿ ಕೇಳಿದರು.

"ನಾನು. ಮನೆಯವರು ಯಾರಾದರೂ ಇಡಬಹುದು ಅಂತ ನೀವು ಹೇಳಿದಿರಿ."

"ನೀನು ಮನೆಯವಳಾ?"

"ಅಲ್ಲದಿದ್ದರೆ ಮಂಗಳವಾರ ಹೋಗಬಹುದಿತ್ತಲ್ಲ, ಅಜ್ಜಿ."

ಬಾಯಮ್ಮ ಕೈಯಲ್ಲಿದ್ದ ಜಪಮಾಲೆಯ ಮಣಿಯನ್ನು ಮುಂದಕ್ಕೆ ಸರಿಸುವುದನ್ನೇ ಮರೆತು ನಿಂತಿದ್ದರು. ರಿಕ್ಷಾದವನು ಹೊರಗೆ ಒಮ್ಮೆ ಹಾರ್ನು ಹೊಡೆದ. ಆ ದಾವಣಿಯನ್ನು ಮನೆಗೆ ವಾಪಸು ಕೊಂಡುಹೋಗುವಂತಿಲ್ಲ, ಅದು ಅಜ್ಜಿಯದೇ ಕಾನೂನು. ಇಲ್ಲೇ ಬಿಟ್ಟರೆ ಮೂರು ರಾತ್ರಿ. ಆದರೆ ಅಜ್ಜಿ ಮನಸ್ಸು ಮಾಡಿದರೆ, ಇದು ಮಕ್ಕಳಾಟ, ಪರದೇಶದವಳಿಗೆ ನಮ್ಮ ಶಾಸ್ತ್ರ ಏನು ಗೊತ್ತು ಎಂದು ಗಂಟು ಬಿಚ್ಚಿ ಕೊಡವಿಬಿಡಬಹುದಿತ್ತು. ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ.

ಅಜ್ಜಿ ಗಂಟು ಬಿಚ್ಚಿದರು.

ಒಳಗಿದ್ದ ಅಕ್ಕಿಯನ್ನು ಅಂಗೈಗೆ ಸುರಿದುಕೊಂಡು ಬೆಳಕಿಗೆ ಹಿಡಿದರು. ಕೆಂಪಗಿನ ದಪ್ಪ ಕಾಳು. ಮಲಗುವ ಕೋಣೆಯಲ್ಲೇ ಇದ್ದ ಮೂಟೆಯಿಂದ ಹುಡುಗಿ ಒಂದು ಹಿಡಿ ತೆಗೆದಿದ್ದಳು. "ಕುಚ್ಚಲಕ್ಕಿ" ಎಂದರು ಅಜ್ಜಿ. "ಒಮ್ಮೆ ಬೆಂದ ಅಕ್ಕಿ ಮಾರಾಯ್ತಿ ಇದು. ಇದನ್ನು ಕಟ್ಟಿಕೊಂಡು ಯಾರಾದರೂ ಹೊರಡುತ್ತಾರಾ?" ಆಮೇಲೆ ಬಾಯಮ್ಮನ ಕಡೆ ತಿರುಗಿ, "ಬಾಯಮ್ಮ, ಒಂದು ಹಿಡಿ ಬೆಳ್ತಿಗೆ ಅಕ್ಕಿ ಉಂಟಾ?" ಎಂದು ಕೇಳಿದರು.

ಬಾಯಮ್ಮ ಒಳಗಿನಿಂದ ಬಿಳಿ ಅಕ್ಕಿ ತಂದುಕೊಟ್ಟರು. ಅಜ್ಜಿ ಅದನ್ನು ಸೆರಗಿಗೆ ಹಾಕಿ, ಅಡಿಕೆ, ಅರಸಿನ ಸರಿಯಾಗಿವೆಯೇ ಎಂದು ಮೂಸಿ ನೋಡಿ ಪುನಃ ಕಟ್ಟಿದರು. ಎರಡು ಸುತ್ತು ಸುತ್ತಿ, ತುದಿ ಒಳಗೆ ಸಿಕ್ಕಿಸಿ. ದಾವಣಿಯನ್ನು ಚೀಲದೊಳಗೆ ಇಟ್ಟರು. "ಪಂಚಾಂಗದಲ್ಲಿ ಆ ಕಾಗದ ಉಂಟು, ತೆಗೆದುಕೊಂಡು ಬಾ" ಎಂದು ನನಗೆ ಹೇಳಿದರು. ನಾನು ಓಣಿ ದಾಟಿದ್ದು ಕಾಲಲ್ಲೋ ಕೈಯಲ್ಲೋ ನೆನಪಿಲ್ಲ. ಅಜ್ಜಿ ಏಸುವಿನ ಪಟದ ಕೆಳಗಿನ ಮೇಜಿನ ಮೇಲೆ ಬಗ್ಗಿ, ಒಂದೊಂದು ಅಕ್ಷರವನ್ನೂ ಬೇರೆ ಬೇರೆಯಾಗಿ ಬರೆದು ಸಹಿ ಮಾಡಿದರು. ಮುಗಿಸಿ, ತಲೆ ಎತ್ತದೆ ಅಮ್ಮನನ್ನು ಕೇಳಿದರು, "ಕಣ್ಣಿನ ಪರೀಕ್ಷೆಗೆ ಎದೆಯ ಫೋಟೋ ಯಾಕೆ ತೆಗೆಯುತ್ತಾರೆ ಅಂತ ನಾನು ಕೇಳಿದ್ದೇನಾ?" ಅಮ್ಮ ಅಳುತ್ತಲೇ ನಕ್ಕರು.

ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಟೀಚರ್ ಫಾರ್ಮನ್ನು ನೋಡಿ, ಮಡಚಿ, ಹುಡುಗಿಯ ಪಾಸ್‌ಪೋರ್ಟಿನ ಜೊತೆಗಿಟ್ಟರು. ಬಸ್ಸು ಹೊರಟಿತು, ಕಾಪು, ಪಡುಬಿದ್ರಿ ದಾಟಿ ಕತ್ತಲಾಗುವ ಮೊದಲೇ ಮಂಗಳೂರು ಮುಟ್ಟಿರಬೇಕು. ಕಿಟಕಿಯಲ್ಲಿ ಕೈಬೀಸುತ್ತಿದ್ದವಳಿಗೆ ನಾನು ಒಂದು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ. ಅವಳನ್ನು ಕಳ್ಳಿ ಎಂದಿದ್ದೆ, ಅಷ್ಟೇ. ಆಗಸ್ಟಿನಲ್ಲಿ ನಾನು ಹೊರಡುವ ದಿನ ಶುಕ್ರವಾರವೇ ಬಂತು. ಅಮ್ಮ ಗಾಬರಿಯಾದರು. ಅಜ್ಜಿ ಮಾತ್ರ ಪಂಚಾಂಗ ಮುಟ್ಟಲೂ ಇಲ್ಲ, ಇವಳದ್ದು ಯಾವತ್ತೋ ಇಟ್ಟಾಗಿದೆ ಎಂದರು.

ಅವಳ ಊರು ಡೆನ್ಮಾರ್ಕಿನ ಕಡಲ ಬದಿಯ ಸಣ್ಣ ಪಟ್ಟಣ, ಒಂದೇ ಉದ್ದದ ಬೀದಿ, ಗಾಳಿಯಲ್ಲಿ ಮೀನಿನ ವಾಸನೆ. ಕಾರಿನಿಂದ ಇಳಿದರೆ ಅಕ್ಕಪಕ್ಕದ ಮನೆಗಳ ಬಾಗಿಲು ತೆರೆದು ಜನ ಹೊರಗೆ ಬಂದರು. ಹೊಸಬರನ್ನು ನೋಡುವ ಹಾಗೆ ಅವರು ನನ್ನನ್ನು ನೋಡಲಿಲ್ಲ. ಒಬ್ಬ ಹೆಂಗಸು ಬಂದು ಕೈಹಿಡಿದು ಕುಲುಕಿ ಏನೋ ಹೇಳಿ ನಕ್ಕಳು. ನನಗೆ ಒಂದೂ ತಿಳಿಯಲಿಲ್ಲ. ಆಮೇಲೆ ಹುಡುಗಿಯ ತಾಯಿ ಇಂಗ್ಲಿಷಿನಲ್ಲಿ ವಿವರಿಸಿದರು. ಏಪ್ರಿಲಿನಲ್ಲಿ ಮಗಳು ಮನೆಗೆ ಬಂದವಳೇ ಹಸಿರು ಬಟ್ಟೆಯೊಂದನ್ನು ಮೇಜಿನ ಮೇಲಿಟ್ಟು, ಇದನ್ನು ಯಾರೂ ಬಿಚ್ಚಬಾರದು, ಇದನ್ನು ಉಡುವವಳು ದಾರಿಯಲ್ಲಿದ್ದಾಳೆ ಎಂದಳಂತೆ. ಮೂರು ರಾತ್ರಿ ಕಳೆದ ಮೇಲೆ ಅದನ್ನು ಪಕ್ಕದ ಮನೆಗೆ ಒಯ್ದಳಂತೆ. ಮತ್ತೆ ಮೂರು ರಾತ್ರಿಗೆ ಅದರಾಚೆಯ ಮನೆಗೆ. ಅವರ ಸಾಲಿನ ಎಂಟು ಮನೆ ಮುಗಿದ ಮೇಲೆ ಮತ್ತೆ ಈ ತುದಿಯಿಂದ ಶುರು. ಮನೆಯೊಳಗೇ ಬೇರೆ ಕೋಣೆಯಲ್ಲಿ ಇಡಬಾರದಾ ಎಂದು ತಾಯಿ ಕೇಳಿದ್ದಕ್ಕೆ ಮಾಡು ಬೇರೆ ಇರಬೇಕು ಎಂದು ಹೇಳಿದ್ದಳಂತೆ. ಏಪ್ರಿಲ್, ಮೇ, ಜೂನ್, ಜುಲೈ ಪೂರ್ತಿ, ನಾನು ಬಂದಿಳಿಯುವವರೆಗೂ.

ನಾನು ಬಂದ ದಿನ ದಾವಣಿ ಇದ್ದದ್ದು ಆ ಸಾಲಿನ ಕೊನೆಯಲ್ಲಿ ಒಬ್ಬರೇ ಇರುವ ಮುದುಕರೊಬ್ಬರ ಮನೆಯಲ್ಲಿ. ನಾವಿಬ್ಬರೂ ಅದನ್ನು ತರಲು ಹೋದೆವು. ಹಿಂದೆ ಹಡಗಿನಲ್ಲಿದ್ದವರಾದ್ದರಿಂದ ಅವರಿಗೆ ಇಂಗ್ಲಿಷ್ ಬರುತ್ತಿತ್ತು. ಕಿಟಕಿಯ ಪಕ್ಕದ ಕುರ್ಚಿಯ ಮೇಲೆ, ಬಿಸಿಲು ಬೀಳುವ ಕಡೆ ಅದನ್ನು ಇಟ್ಟಿದ್ದರು. ಎರಡೂ ಕೈಯಲ್ಲಿ ಎತ್ತಿ ನನಗೆ ಕೊಡುತ್ತ, "ನೀನು ಐದು ಸಲ ನನ್ನ ಮನೆಯಲ್ಲಿ ಉಳಿದಿದ್ದೀ. ಏನೂ ತೊಂದರೆ ಕೊಡಲಿಲ್ಲ" ಎಂದರು. ನನಗೆ ಅಲ್ಲೇ ನಿಂತು ಅಳು ಬಂತು. ಅಳುತ್ತಲೇ ನನ್ನ ಜೊತೆಯವಳಿಗೆ ಹೇಳಬೇಕಾದದ್ದನ್ನು ಹೇಳಿದೆ, ತುಳುವಿನಲ್ಲಿ, ಯಾಕೆಂದರೆ ಆ ಹೊತ್ತಿಗೆ ಬೇರೆ ಯಾವ ಭಾಷೆಯೂ ಬಾಯಿಗೆ ಬರಲಿಲ್ಲ.

ಗಂಟನ್ನು ಅವಳ ಮನೆಗೆ ಬಂದ ಮೇಲೆ ನಾನೇ ಬಿಚ್ಚಿದೆ. ಬಾಯಮ್ಮನ ಮನೆಯ ಬೆಳ್ತಿಗೆ ಅಕ್ಕಿ, ಅಡಿಕೆ, ಒಣಗಿ ಗಟ್ಟಿಯಾದ ಅರಸಿನದ ತುಂಡು. ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಕೊಂಡು, ಅಜ್ಜಿಯ ಕಣ್ಣಿಗೂ ಬೀಳದೆ ಉಳಿದಿದ್ದ ಎರಡು ಕೆಂಪು ಕುಚ್ಚಲಕ್ಕಿ ಕಾಳು. ಅವಳು ನೀಲಿ ಪುಸ್ತಕ ತೆರೆದು, ಊರು ಮುಟ್ಟಿದ ಮೇಲೆ ಈ ಅಕ್ಕಿಯನ್ನು ಏನು ಮಾಡಬೇಕು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಅದನ್ನು ಕೇಳಿ ಅಜ್ಜಿಗೆ ಆ ಸಂಜೆಯೇ ಪತ್ರ ಬರೆದೆ.